ಬೆನ್ನು ತೋರಿಸದ ವಿಮಾನ

ಬಹಳ ಹಿಂದೆ, ಅಂದರೆ ಪತ್ರಿಕೆಗಳಲ್ಲಿ ಜಾಹೀರಾತುಗಳ ನಡುವೆ ಸುದ್ದಿಯೂ ಬರುತ್ತಿದ್ದ ಕಾಲದಲ್ಲಿ, ಪರಾಕುಪುರ ಎಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಉತ್ತುಂಗವರ್ಮರು ಆಳುತ್ತಿದ್ದರು. ಹಾಗೆಂದು ಊರಿನ ಎಲ್ಲ ಫ್ಲೆಕ್ಸ್‌ಗಳಲ್ಲೂ ಬರೆದಿತ್ತು, ಆದ್ದರಿಂದ ನಾನೂ ನಂಬಿದ್ದೇನೆ.

ಆ ರಾಜ್ಯದಲ್ಲಿ ಕಾಯಿದೆಗಳು ಬೇಕಾದಷ್ಟಿದ್ದವು. ಪಾಲನೆಯಾಗುತ್ತಿದ್ದುದು ಮಾತ್ರ ಒಂದೇ: ಮಹಾರಾಜರಿಗೆ ಯಾರೂ ಬೆನ್ನು ತೋರಿಸಕೂಡದು. ಆಸ್ಥಾನಿಕರು ಸಭೆಯಿಂದ ಹೊರಡುವಾಗ ಕೈಮುಗಿದುಕೊಂಡು ಹಿಮ್ಮುಖವಾಗಿ ನಡೆಯುತ್ತಿದ್ದರು. ಬಾಗಿಲ ಚೌಕಟ್ಟಿಗೆ ಬಡಿದು ಬಡಿದು ಎಲ್ಲರ ಹಿಂದಲೆಯಲ್ಲೂ ಒಂದೊಂದು ಬುಗುಟು ಎದ್ದಿತ್ತು. ಬುಗುಟು ದೊಡ್ಡದಾದಷ್ಟೂ ಹುದ್ದೆ ದೊಡ್ಡದು. ಪ್ರಧಾನಿ ಸಮ್ಮತಿರಾಯರಿಗಂತೂ ಪೇಟವನ್ನೇ ಬೇರೆ ಅಳತೆಯಲ್ಲಿ ಕಟ್ಟಬೇಕಾಗುತ್ತಿತ್ತು. ಮಹಾರಾಜರ ಪಲ್ಲಕ್ಕಿಯನ್ನು ಮುಂದೆ ಹೊರುವವರೂ ಅವರ ಕಡೆ ಮುಖ ಮಾಡಿಯೇ ಹಿಂದಕ್ಕೆ ಹೆಜ್ಜೆ ಹಾಕಬೇಕು. ಹೀಗಾಗಿ ಪ್ರಭುಗಳು ಅರಮನೆಯಿಂದ ಬಹಳ ದೂರ ಹೋದದ್ದೇ ಇಲ್ಲ. ಪ್ರಜೆಗಳಿಗೆ ಅದರಿಂದ ಒಂದಿಷ್ಟು ನೆಮ್ಮದಿಯೂ ಇತ್ತು.

ಆಗ ಹೊರದೇಶಗಳಲ್ಲಿ ವಿಮಾನದ ಹುಚ್ಚು ಹತ್ತಿತ್ತು. ಒಬ್ಬ ತಟ್ಟೆಯಂತೆ ದುಂಡಗಿನ ವಿಮಾನ ಮಾಡಿದ. ಇನ್ನೊಬ್ಬ ರೆಕ್ಕೆಗಳನ್ನು ಕಪಾಟಿನ ಹಲಗೆಗಳಂತೆ ಒಂದರ ಮೇಲೊಂದು ಜೋಡಿಸಿದ. ಮತ್ತೊಬ್ಬ ಬಾಲವನ್ನು ಮೂಗಿನ ಕಡೆಗೆ ತಂದಿಟ್ಟ. ಚಾಲಕನನ್ನು ಬೋರಲು ಮಲಗಿಸಿ ಹಾರಿಸಿದವರೂ ಇದ್ದರು. ಕೆಲವು ಹಾರಿದವು. ಹಾರದಿದ್ದವುಗಳ ಕರ್ತೃಗಳು ಮನೆಗೆ ಹೋಗಿ, ನಕ್ಷೆಯನ್ನು ರಬ್ಬರಿನಿಂದ ಅಳಿಸಿ ಮತ್ತೆ ಬರೆದರು. ಪರಾಕುಪುರಕ್ಕೆ ವಿಮಾನದ ಸುದ್ದಿ ಬಂತು, ರಬ್ಬರಿನ ಸುದ್ದಿ ಬರಲಿಲ್ಲ.

"ನಾವೂ ಹಾರತಕ್ಕದ್ದು" ಎಂದು ಮಹಾರಾಜರು ಅಪ್ಪಣೆ ಕೊಡಿಸಿದರು.

ಯಂತ್ರಾಧಿಕಾರಿ ಗುಣಾಕರರು ಹೊರದೇಶದಲ್ಲಿ ಓದಿ ಬಂದವರು. ಅವರು ತಂದ ನಕ್ಷೆ ಸರಳವಾಗಿತ್ತು: ಮುಂದೆ ಚಾಲಕ, ಹಿಂದೆ ಮಹಾರಾಜರು. ಸಮ್ಮತಿರಾಯರು ನೋಡಿದವರೇ ಕಣ್ಣು ಮುಚ್ಚಿಕೊಂಡರು.

"ಗುಣಾಕರರೇ, ಚಾಲಕನ ಬೆನ್ನು ಯಾರ ಕಡೆಗಿದೆ?"

"ಪ್ರಭುಗಳ ಕಡೆಗೆ. ಅವನು ದಾರಿ ನೋಡಬೇಕಲ್ಲ?"

"ದಾರಿ ನೋಡಲು ಪ್ರಭುಗಳಿದ್ದಾರೆ. ಅವರ ದೂರದೃಷ್ಟಿಯ ಬಗ್ಗೆ ನಿಮಗೇನಾದರೂ ಅನುಮಾನವೇ?"

ಗುಣಾಕರರಿಗೆ ಅನುಮಾನವಿತ್ತು. ಅಂದೇ ಸಂಜೆ ಅವರ ಬಡ್ತಿಯ ಕಡತಕ್ಕೆ ಸಹಿ ಬಿದ್ದದ್ದರಿಂದ ಅದು ವಾಸಿಯಾಯಿತು. ಹೊಸ ನಕ್ಷೆಯಲ್ಲಿ ಚಾಲಕನ ಆಸನ ತಿರುಗಿ ಮಹಾರಾಜರಿಗೆ ಎದುರಾಯಿತು. ಪ್ರಭುಗಳಿಗೆ ದಾರಿ ಕಾಣಲೆಂದು ಅದನ್ನು ಒಂದು ಮೊಳ ಕೆಳಕ್ಕೂ ಇಳಿಸಿದರು. ಪ್ರಭುಗಳು ಮುಂದೆ ಕಂಡದ್ದನ್ನು ಹೇಳುವುದು, ಚಾಲಕ ಹಾಗೆ ನಡೆಸುವುದು. ಆದರೆ ಮಹಾರಾಜರು ಕೆಳಗಿನವರ ಜೊತೆ ನೇರವಾಗಿ ಮಾತಾಡುವ ಸಂಪ್ರದಾಯವಿರಲಿಲ್ಲ. ಹಾಗಾಗಿ ನಡುವೆ, ಪ್ರಭುಗಳಿಗೇ ಮುಖ ಮಾಡಿ, ಸಮ್ಮತಿರಾಯರಿಗೂ ಒಂದು ಪೀಠ ಬಂತು.

ಇಷ್ಟರಲ್ಲಿ ಉಳಿದ ಮಂತ್ರಿಗಳು ಮುನಿಸಿಕೊಂಡರು. ಎರಡೇ ರೆಕ್ಕೆಯಾದರೆ ಉಳಿದ ಇಲಾಖೆಗಳ ಗತಿಯೇನು? ಕೊನೆಗೆ ಇಲಾಖೆಗೊಂದು ರೆಕ್ಕೆ ಎಂದು ಸಂಪುಟ ತೀರ್ಮಾನಿಸಿತು. ಕಂದಾಯದ ರೆಕ್ಕೆ ಎಲ್ಲಕ್ಕಿಂತ ಉದ್ದ, ಶಿಕ್ಷಣದ್ದು ಗಿಣಿಯ ರೆಕ್ಕೆಯಷ್ಟು. ವಿಮಾನಕ್ಕೆ 'ವ್ಯೋಮಸಿಂಹಾಸನ' ಎಂದು ಹೆಸರಿಟ್ಟರು. ಮೊದಲು ಒಂದು ರಾಗಿಮೂಟೆ ಇಟ್ಟು ಓಡಿಸಿ ನೋಡೋಣವೆಂದು ಗುಣಾಕರರು ಕ್ಷೀಣಸ್ವರದಲ್ಲಿ ಸೂಚಿಸಿದರು.

"ಪ್ರಭುಗಳ ಜಾಗದಲ್ಲಿ ಮೂಟೆಯೇ?" ಎಂದರು ಸಮ್ಮತಿರಾಯರು. ಪರೀಕ್ಷೆಯ ಮಾತು ಅಲ್ಲಿಗೆ ಮುಗಿಯಿತು.

ಚಾಲಕನಾಗಿ ಆಯ್ಕೆಯಾದವನು ಪಲ್ಲಕ್ಕಿಯ ಮುಂಗೊಂಬು ಹೊರುತ್ತಿದ್ದ ಕೆಂಚರಾಜ. ಹಿಂದಕ್ಕೆ ನಡೆಯುತ್ತಾ ಮುಂದಕ್ಕೆ ಹೋಗುವ ಅನುಭವ ರಾಜ್ಯದಲ್ಲಿ ಅವನಿಗಿಂತ ಹೆಚ್ಚು ಯಾರಿಗೂ ಇರಲಿಲ್ಲ.

ಇನ್ನು ಓಡುದಾರಿ. ಅರಮನೆ ಮುಂದಿನ ದನ ಮೇಯುವ ಬಯಲನ್ನು ಅಗೆದು ಮಟ್ಟ ಮಾಡಿದರು. ಅದು ಅರಮನೆಯ ಹೆಬ್ಬಾಗಿಲಿನಿಂದ ನೇರವಾಗಿ ಬಂದು ಕುಂಬಾರಗೇರಿಯ ದೊಡ್ಡತಾಯಮ್ಮನ ಗೋಡೆಯ ಬುಡದಲ್ಲಿ ನಿಂತಿತು. ದೊಡ್ಡತಾಯಮ್ಮ ಗಂಡನಿಲ್ಲದವಳು. ಅವಳಿಗಿದ್ದುದು ಆ ಎರಡಂಕಣದ ಮನೆ, ಅಂಗಳದಲ್ಲಿ ಮಡಕೆ ಸುಡುವ ಆವಿಗೆ, ಮಡಕೆ ಮಾಡುವ ಒಂದು ತಿರುಗಣಿ. ಆ ಗೋಡೆಯ ಮಣ್ಣು ಕಲಸಿ ಎಬ್ಬಿಸಿದವಳೂ ಅವಳೇ. ಅವಳು ಪ್ರಧಾನಿಗಳ ಕಚೇರಿಗೆ ಬಂದು ನಿಂತಳು.

"ಬುದ್ಧಿ, ನಿಮ್ ದಾರಿ ನನ್ ಗೋಡೆ ತಾವ ಮುಗೀತದೆ."

"ಮುಗಿದರೇನಮ್ಮ? ಅಷ್ಟು ಹೊತ್ತಿಗೆ ವಿಮಾನ ಆಕಾಶದಲ್ಲಿರುತ್ತದೆ."

"ಇಲ್ದೆ ಹೋದ್ರೆ?"

ಕಚೇರಿಯಲ್ಲಿ ಲೇಖನಿಗಳು ನಿಂತವು. ಸಮ್ಮತಿರಾಯರು ಸುತ್ತಲೂ ನೋಡಿ ತಗ್ಗಿದ ದನಿಯಲ್ಲಿ, "ತಾಯೀ, ಹಾಗೆಲ್ಲ ಅನ್ನಬಾರದು. ಅದು ರಾಜದ್ರೋಹವಾಗುತ್ತದೆ. ಮನೆಗೆ ಹೋಗಿ ಗೋಡೆಗೆ ಸುಣ್ಣ ಬಳಿದು ಮಾವಿನ ತೋರಣ ಕಟ್ಟು. ಮೇಲಿಂದ ಪ್ರಭುಗಳಿಗೆ ಚೆನ್ನಾಗಿ ಕಾಣಲಿ" ಎಂದರು.

"ನಾ ಆವಿಗೆ ತುಂಬ್ಸಿವ್ನಿ ಬುದ್ಧಿ. ಇನ್ನ ಬೆಂಕಿ ಇಕ್ಕಿಲ್ಲ. ಒಂದ್ ಎಂಟ್ ದಿನ ತಡೀರಿ, ಮಡಕೆನಾದ್ರೂ ಎತ್ಕತೀನಿ."

ಮುಹೂರ್ತ ತಡೆಯಲಿಲ್ಲ. ಅವಳು ಸುಣ್ಣ ಬಳಿದಳು.

ಹಾರಾಟದ ದಿನ ಪ್ರಜೆಗಳೆಲ್ಲರ ಹಾಜರಾತಿ ಕಡ್ಡಾಯವಾಗಿತ್ತು. ದೊಡ್ಡತಾಯಮ್ಮನನ್ನೂ ಕಾವಲುಗಾರರು ಕರೆತಂದು ಬಯಲಲ್ಲಿ ನಿಲ್ಲಿಸಿದರು. ಅವಳ ಜೀವ ಉಳಿದದ್ದು ಇದರಿಂದಲೇ. ಸರ್ಕಾರದಿಂದ ಅವಳಿಗಾದ ಉಪಕಾರ ಅದೊಂದೇ, ಅದೂ ಗೊತ್ತಿಲ್ಲದೆ ಆದದ್ದು.

ಯಂತ್ರ ಗುಡುಗಿತು. ರೆಕ್ಕೆಗಳೆಲ್ಲ ಒಂದೊಂದು ದಿಕ್ಕಿಗೆ ಅಲ್ಲಾಡಿದವು, ಸಂಪುಟ ಸಭೆಯಲ್ಲಿ ಆಗುವಂತೆ. ವ್ಯೋಮಸಿಂಹಾಸನ ಓಡತೊಡಗಿತು. ಓಡಿತು, ಓಡುತ್ತಲೇ ಇತ್ತು. ನೆಲ ಬಿಡುವ ಲಕ್ಷಣ ಕಾಣಲಿಲ್ಲ.

ಮಹಾರಾಜರು ಕಣ್ಣು ಕಿರಿದು ಮಾಡಿದರು. "ಸಮ್ಮತಿರಾಯರೇ, ಎದುರಿಗೆ ಬೆಳ್ಳಗೆ ಏನೋ ಇದೆಯಲ್ಲ?"

"ತಮ್ಮ ಕೀರ್ತಿ ಇರಬೇಕು ಪ್ರಭು."

"ಗೋಡೆಯ ಹಾಗೆ ಕಾಣುತ್ತದೆ."

"ಪ್ರಭುಗಳ ಎದುರು ನಿಲ್ಲುವ ಧೈರ್ಯ ಯಾವ ಗೋಡೆಗಿದೆ?"

ಕೆಂಚರಾಜ ಸನ್ನೆಕೋಲು ಹಿಡಿದು ಬೆವರುತ್ತಿದ್ದ. "ಮುಂದೇನೈತೆ ಬುದ್ಧಿ? ನಿಲ್ಸಲಾ?"

"ಮುಂದೆ ಎಲ್ಲವೂ ಉಜ್ವಲವಾಗಿದೆ, ನಡೆಸಪ್ಪ" ಎಂದರು ಸಮ್ಮತಿರಾಯರು.

ವ್ಯೋಮಸಿಂಹಾಸನ ತೋರಣವನ್ನು ಕೊರಳಿಗೆ ಹಾಕಿಕೊಂಡು ಗೋಡೆಯೊಳಗಿಂದ ಹಾದುಹೋಯಿತು. ಆವಿಗೆಯ ಮೇಲೆ ಹತ್ತಿ, ಹಸಿಮಡಕೆಗಳನ್ನು ಮತ್ತೆ ಮಣ್ಣು ಮಾಡಿ, ತಿರುಗಣಿಯನ್ನು ಮುರಿದು, ಅಡುಗೆಮನೆಯ ಒಲೆಯ ಎದುರಿಗೆ ಮೂಗೂರಿ ನಿಂತಿತು. ಕಿರೀಟದ ಮೇಲೆ ಒಲೆಯ ಬೂದಿ ಇಳಿಯಿತು.

"ನಾವು ಹಾರಿದೆವೇ?" ಎಂದರು ಮಹಾರಾಜರು.

"ಪ್ರಭು, ಆಗ ನಾವು ಗೋಡೆಯ ಆಚೆ ಇದ್ದೆವು, ಈಗ ಈಚೆ ಇದ್ದೇವೆ. ಹಾರದೆ ಗೋಡೆ ದಾಟಿದವರು ಉಂಟೇ?"

ಅಷ್ಟರಲ್ಲಿ ದೊಡ್ಡತಾಯಮ್ಮ ಏದುಸಿರು ಬಿಡುತ್ತಾ ಬಂದಳು. "ದಾಟೋಕೆ ಗೋಡೆ ಎಲ್ಲೈತೆ ಬುದ್ಧಿ? ಹಾರಿದ್ದು ನೀವಂತೆ, ಬಿದ್ದಿದ್ದು ಮಾತ್ರ ನನ್ ಮನೆ!" ಎಂದು ಎದೆ ಬಡಿದುಕೊಂಡು ಅತ್ತಳು. ಅವಳ ಕೈಗೆ ಸಿಕ್ಕಿದ್ದು ತಿರುಗಣಿಯ ಒಂದು ಚೂರು. ಅದನ್ನು ಬಿಡದೆ ಹಿಡಿದುಕೊಂಡಿದ್ದಳು.

ನೇರಪ್ರಸಾರಕ್ಕೆಂದು ಬಂದಿದ್ದ ಬಾನುಲಿಯವರು ಮೈಕನ್ನು ಬೇರೆ ಕಡೆಗೆ ತಿರುಗಿಸಿದರು. ಬೂದಿ ಅಡಗುವ ಮುನ್ನವೇ ಫರ್ಮಾನುಗಳು ಹೊರಟವು. ಹಾರಾಟ ಯಶಸ್ವಿಯಾಗಿದೆ, ಜಗತ್ತಿನಲ್ಲೇ ಅತಿ ಕಡಿಮೆ ಎತ್ತರದ ಹಾರಾಟವೆಂಬ ದಾಖಲೆಯೂ ನಮ್ಮದೇ ಆಗಿದೆ. ಗುಣಾಕರರಿಗೆ 'ವ್ಯೋಮವಿಶಾರದ' ಬಿರುದು. ರಾಜ್ಯದ ಗಾಡಿಗಳು, ಬಸ್ಸುಗಳೆಲ್ಲ ಇನ್ನು ಮುಂದೆ ಹಿಮ್ಮುಖ ಆಸನದ ಪದ್ಧತಿಗೆ ಬದಲಾಗತಕ್ಕದ್ದು. ಕೆಂಚರಾಜನಿಗೆ ಸೆರೆವಾಸ, ಏಕೆಂದರೆ ಗೋಡೆ ಬಡಿದ ಹೊಡೆತಕ್ಕೆ ಅವನು ಹಿಂದಕ್ಕೆ ಪಲ್ಟಿ ಹೊಡೆದು ಬೋರಲು ಬಿದ್ದು, ಮಹಾರಾಜರಿಗೆ ಪೂರ್ತಿ ಬೆನ್ನು ಕಾಣಿಸಿತ್ತು. ಆ ದಿನ ನಡೆದ ತಪ್ಪು ಅದೊಂದೇ ಎಂದು ತನಿಖಾ ಆಯೋಗವೂ ಹೇಳಿತು.

ವಿಮಾನ ಇಳಿದ ಜಾಗಕ್ಕೆ ವಿಮಾನ ನಿಲ್ದಾಣವೆಂದು ಹೆಸರು. ಹಾಗಾಗಿ ದೊಡ್ಡತಾಯಮ್ಮನ ಮನೆ ವಿಮಾನ ನಿಲ್ದಾಣವಾಯಿತು. ಅವಳು ತನ್ನ ಅಡುಗೆಮನೆಗೆ ಹೋಗಬೇಕಾದರೆ ಹೊತ್ತಿಗೆ ಮುಂಚೆ ಬಂದು ಸಾಲಿನಲ್ಲಿ ನಿಲ್ಲಬೇಕು, ಸೆರಗಿನ ಗಂಟು ಬಿಚ್ಚಿ ತೋರಿಸಬೇಕು, ನಿಲ್ದಾಣ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಈಳಿಗೆಮಣೆಯನ್ನು ಮೊದಲ ದಿನವೇ ಆಯುಧವೆಂದು ಕಿತ್ತುಕೊಂಡರು. ವಿಮಾನದ ಮೂಗಿಗೆ ಮಹಾರಾಜರ ಭಾವಚಿತ್ರ ತೂಗುಹಾಕಿದ್ದರಿಂದ, ಅದಕ್ಕೆ ಬೆನ್ನು ಮಾಡದೆ, ಒಲೆಗೆ ಬೆನ್ನು ಮಾಡಿ ಅವಳು ಅಡುಗೆ ಮಾಡಬೇಕು. ಹಿಂದಕ್ಕೆ ಕೈಚಾಚಿ ಮುದ್ದೆ ತೊಳಸಲು ಹೋಗಿ ಎರಡೂ ಅಂಗೈ ಸುಟ್ಟುಕೊಂಡಳು. ಸುಟ್ಟ ಕೈಯಲ್ಲಿ ಮಣ್ಣು ತಟ್ಟಲಾಗುವುದಿಲ್ಲ. ತಿರುಗಿಸಲು ತಿರುಗಣಿಯೂ ಇರಲಿಲ್ಲ ಅನ್ನಿ.

"ಸ್ವಲ್ಪ ದಿನ ತಡ್ಕೋ ತಾಯಿ" ಎಂದು ಕಾವಲುಗಾರ ಸಮಾಧಾನ ಹೇಳಿದ. "ಇದಕ್ಕಿಂತ ದೊಡ್ಡ ವಿಮಾನ ತಯಾರಾಗ್ತಾ ಐತೆ. ಅದು ಇಲ್ಲಿ ನಿಲ್ಲಾಕಿಲ್ಲ, ಇನ್ನೂ ಮುಂದಕ್ಕೋಯ್ತದೆ."

ಮುಂದಕ್ಕೆ ಇದ್ದದ್ದು ಕುಂಬಾರಗೇರಿಯ ಉಳಿದ ಮನೆಗಳು. ಆ ಮನೆಯವರು ಯಾರೂ ಪ್ರಧಾನಿಗಳ ಕಚೇರಿಗೆ ಹೋಗಲಿಲ್ಲ. 'ಇಲ್ದೆ ಹೋದ್ರೆ?' ಎಂದು ಯಾರೂ ಕೇಳಲಿಲ್ಲ. ಬೆಳಗಾಗುತ್ತಲೇ ಎದ್ದು, ಗೋಡೆಗೆ ಸುಣ್ಣ ಬಳಿದು, ತೋರಣ ಕಟ್ಟಿ, ತಾವಾಗಿಯೇ ಬಯಲಿಗೆ ಹೋಗಿ ಸಾಲಾಗಿ ನಿಂತರು. ಸುಣ್ಣದ ಖರ್ಚು ಅವರವರದೇ.