ಸಜ್ಜೆ ಗೊಬ್ಬರದ ಬದನೆಕಾಯಿ

ಕೆಲವು ಮಾತುಗಳು ಬಾಯಿಗೆ ಬರದಿದ್ದರೆ ಜನ ಅದನ್ನು ಸಂಸ್ಕಾರ ಅಂತ ಹೊಗಳುತ್ತಾರೆ. ನನ್ನ ವಿಷಯದಲ್ಲಿ ಅದು ಬರೀ ಕಾನ್ವೆಂಟಿನ ಕೈವಾಡ. ಪಾಠದ ನಡುವೆ ಹೊರಗೆ ಹೋಗಬೇಕಾದರೆ ಒಂದು ಬೆರಳು ಇಲ್ಲವೇ ಎರಡು ಬೆರಳು ತೋರಿಸಬೇಕು, ಹೆಸರು ಹೇಳಬಾರದು ಎಂದು ಸಿಸ್ಟರುಗಳು ಕಲಿಸಿದ್ದರು. ಮದುವೆಯಾಗಿ ಹೊಸೂರಿನ ಆಲಸನತ್ತಕ್ಕೆ ಬಂದು, ಕನ್ನಡ, ತಮಿಳು, ತೆಲುಗು ಮೂರರಲ್ಲೂ ಸೊಪ್ಪಿನವಳ ಜೊತೆ ಚೌಕಾಸಿ ಮಾಡುವಷ್ಟು ಪಳಗಿದರೂ ಆ ಒಂದು ವಸ್ತುವಿಗೆ ಮಾತ್ರ ಮೂರು ಭಾಷೆಯಲ್ಲೂ ನನ್ನ ಹತ್ತಿರ ಇದ್ದದ್ದು ಬೆರಳೇ.

ಇವರ ಫ್ಯಾಕ್ಟರಿಯಲ್ಲಿ ಶೌಚಾಲಯದ ನೀರನ್ನು ಶುದ್ಧ ಮಾಡುತ್ತಾರೆ. ಯಂತ್ರಗಳ ನೀರು ಅದಕ್ಕೆ ಸೇರುವುದಿಲ್ಲ. ತಳದಲ್ಲಿ ಉಳಿದ ಕೆಸರನ್ನು ಒಣಗಿಸಿ, ತರಗೆಲೆ ಬೆರೆಸಿ, ತಿಂಗಳುಗಟ್ಟಲೆ ಕೊಳೆಸಿ, ಪರೀಕ್ಷೆ ಮಾಡಿಸಿ ಗೊಬ್ಬರವೆಂದು ಹಂಚುತ್ತಾರೆ. ಒಂದು ಸಂಜೆ ಇವರು ಗೇಟಿನ ಹೊರಗಿನಿಂದಲೇ ಮಿಸ್ಡ್ ಕಾಲ್ ಕೊಟ್ಟರು. ಹೋಗಿ ನೋಡಿದರೆ ಸ್ಕೂಟರಿನ ಮೇಲೆ ಒಂದು ಚೀಲ. ಕಪ್ಪಗೆ, ಪುಡಿಪುಡಿಯಾಗಿ, ಕಾಫಿಪುಡಿಯಂತೆ ಇತ್ತು. ವಾಸನೆ ಬರೀ ಮಣ್ಣಿನದು.

ನಮ್ಮ ಜೊತೆಗಿರುವ ಅತ್ತೆ ಉದ್ದನಪಲ್ಲಿಯವರು. ಅದೇನೆಂದು ಕೇಳಿದರು. ಅತ್ತೆಗೆ ಎರಡು ಬೆರಳು ತೋರಿಸುವುದು ಹೇಗೆ? ಇವರು ಹೇಳಿದ ಇಂಗ್ಲಿಷ್ ಹೆಸರನ್ನೇ ಮೆಲ್ಲಗೆ, "ಸ್ಲಡ್ಜ್" ಅಂದೆ. ಅತ್ತೆಯ ಕಿವಿಗೆ ಬಿದ್ದದ್ದು ಸಜ್ಜೆ. "ಓ, ಸಜ್ಜೆ ಹೊಟ್ಟು ಕೊಳ್ಸವ್ರೆ. ಒಳ್ಳೇದು ಕಣಮ್ಮ," ಎಂದು, ನಾನು ಅಂಗಳದಲ್ಲಿ ಬೆಳೆಸಿದ್ದ ಬದನೆ ಗಿಡಗಳ ಬುಡಕ್ಕೆ ತಾವೇ ಹಾಕಿದರು. ಕಾಯಿ ಹೇಗೆ ಬಿಟ್ಟಿತೆಂದರೆ, ಅತ್ತೆ ಬೀದಿಗೆಲ್ಲ ಹಂಚಿ, ಸಜ್ಜೆಯ ಮಹಿಮೆಯನ್ನೂ ಹಾಡಿಬಂದರು.

ಎದುರುಮನೆ ಸೆಲ್ವಿಯ ಯಜಮಾನರಿಗೂ ಅದೇ ಫ್ಯಾಕ್ಟರಿಯಲ್ಲಿ ಕೆಲಸ. ಗುಟ್ಟು ಎಷ್ಟು ದಿನ ನಿಂತೀತು? ಒಂದು ಬೆಳಿಗ್ಗೆ ಸೆಲ್ವಿ ಇಬ್ಬರನ್ನು ಕರೆದುಕೊಂಡು, ನಮ್ಮ ಬದನೆಕಾಯಿಯನ್ನು ಕವರಿನಲ್ಲಿ ವಾಪಸು ಹಿಡಿದು ಬಂದಳು. ಗಿಡ ಕಿತ್ತು ಹಾಕಬೇಕಂತೆ. ಇಲ್ಲದಿದ್ದರೆ ವರಮಹಾಲಕ್ಷ್ಮಿಯ ಅರಿಶಿನ ಕುಂಕುಮಕ್ಕೆ ಬೀದಿಯ ಒಬ್ಬರೂ ನಮ್ಮ ಹೊಸಲು ತುಳಿಯುವುದಿಲ್ಲವಂತೆ.

ಅತ್ತೆ ಸೆರಗು ಸಿಕ್ಕಿಸಿಕೊಂಡರು. "ನಮ್ ಸೊಸೆ ಕಾನ್ವೆಂಟಲ್ಲಿ ಓದ್ದೋಳು, ಅಂಥದ್ದೆಲ್ಲ ಮುಟ್ಟಾಕಿಲ್ಲ. ಅದು ಸಜ್ಜೆ. ಹೇಳಮ್ಮ ನೀನೇ."

ಹೂಂ ಅಂದಿದ್ದರೆ ಅತ್ತೆಯ ಮಾನ ಆ ಹೊತ್ತಿಗೆ ಉಳಿಯುತ್ತಿತ್ತು. ಆದರೆ ನಿಜ ಗೊತ್ತಿದ್ದ ಸೆಲ್ವಿಯ ಮುಂದೆ ಆ ಸುಳ್ಳು ನಿಲ್ಲುತ್ತಿರಲಿಲ್ಲ, ಸುಳ್ಳಿನ ಜೊತೆ ಗಿಡವೂ ಹೋಗುತ್ತಿತ್ತು. ಆ ಗಿಡಗಳ ಒಂದೊಂದು ನೇರಳೆ ಹೂವು ಯಾವ ಟೊಂಗೆಯಲ್ಲಿ ಯಾವ ಕಡೆಗೆ ಬಾಗಿದೆ ಎಂಬುದು ನನಗೆ ಬಾಯಿಪಾಠ.

"ಹೇಲು ಅತ್ತೆ," ಅಂದೆ. "ಮನುಷ್ಯರದ್ದು."

ಅತ್ತೆಗೆ ವಸ್ತುವಿಗಿಂತ ದೊಡ್ಡ ಅನುಮಾನ ಬಂತು. "ಯಾರ್ದು?"

"ಮೂರು ಶಿಫ್ಟಿನವರದ್ದೂ. ಜಾತಿ ನೋಡಿ ಬೇರೆ ಮಾಡೋ ಮಿಷಿನ್ ಇನ್ನೂ ಬಂದಿಲ್ಲ. ಸೆಲ್ವಿ ಯಜಮಾನರದ್ದೂ ಇದೆ, ನಿಮ್ಮ ಮಗಂದೂ ಇದೆ. ನಾನು ಗಿಡ ಕೀಳಲ್ಲ. ಕುಂಕುಮಕ್ಕೆ ಬರೋದು ಬಿಡೋದು ಅವರಿಷ್ಟ."

ಸೆಲ್ವಿ ಕವರನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ, "ಎನ್ನಕ್ಕಾ ನೀಂಗ," ಏನಕ್ಕಾ ನೀವು ಹೀಗೆ, ಎಂದು ತಮಿಳಿನಲ್ಲಿ ಗೊಣಗಿ, ಅದನ್ನು ಕಾಂಪೌಂಡಿನ ಮೇಲಿಟ್ಟು ಹೊರಟಳು.

ಗಿಡಗಳು ಇನ್ನೂ ಇವೆ, ತಪ್ಪದೆ ಬಿಡುತ್ತಿವೆ. ಬೀದಿಯವರು ಮುಟ್ಟುವುದಿಲ್ಲ, ಅತ್ತೆ ಸಂತೆಯ ಹೀರೆಕಾಯಿಗೆ ಶರಣಾಗಿದ್ದಾರೆ, ಇವರಿಗೆ ಇದ್ದಕ್ಕಿದ್ದಂತೆ ಕ್ಯಾಂಟೀನ್ ಊಟ ರುಚಿಯಾಗಿದೆ. ಹಾಗಾಗಿ ದಿನವೂ ನಾನೊಬ್ಬಳೇ ತಟ್ಟೆ ಹಿಡಿದು, ಬೀದಿಗೆ ಕಾಣುವಂತೆ ಹೊರಗಿನ ಮೆಟ್ಟಿಲ ಮೇಲೆ ಕೂತು ಎಣ್ಣೆಗಾಯಿ ಚಪ್ಪರಿಸುತ್ತೇನೆ. ಹುಟ್ಟಿದಾಗಿನಿಂದಲೂ ಬದನೆಕಾಯಿ ನನ್ನ ಮೈಗೆ ಆಗುವುದಿಲ್ಲ, ತಿಂದರೆ ನವೆ. ಆದರೆ ಅದನ್ನು ಗೊಬ್ಬರದ ತಲೆಗೆ ಕಟ್ಟಲು ಎದುರುಮನೆ ಕಿಟಕಿ ಕಾದು ಕೂತಿದೆಯಲ್ಲ. ಕೊನೆಯ ತುತ್ತನ್ನೂ ನಗುನಗುತ್ತ ಮುಗಿಸಿ, ನಿಧಾನವಾಗಿ ಒಳಗೆ ಬಂದು, ಚಿಲಕ ಹಾಕಿಕೊಂಡು, ಆಮೇಲೆ ಮನಸಾರೆ ಕೆರೆದುಕೊಳ್ಳುತ್ತೇನೆ.