ಗಿಯಾರ್ತೊನ ಕಬ್ಬಿಣದ ಸರಪಳಿ

ತಪ್ಪೆಲ್ಲ ಒಂದು ತುಂಡು ಕರಿದ ಸೋಯಾಕಾಳಿನ ತೆಂಪೆಯದು. ಗಲ್ಲಿಯ ಸಭೆಯಲ್ಲಿ ಗಿಯಾರ್ತೊ ಅದನ್ನು ಬಿಸಿಬಿಸಿಯಾಗಿ ಬಾಯಿಗೆ ಹಾಕಿಕೊಂಡ ಹೊತ್ತಿಗೇ ಬು ಹರ್ತೊಯೊ, "ನಾಳೆ ಸಂಜೆಯೊಳಗೆ ನಮ್ಮ ಮಾಸ್ ಗಿಯಾರ್ತೊ ಮಾಡ್ಕೊಡ್ತಾರೆ. ಅಲ್ವಾ ಮಾಸ್?" ಎಂದು ಕೇಳಿಬಿಟ್ಟರು. ನಾಲಿಗೆ ಸುಟ್ಟುಕೊಂಡಿದ್ದ ಗಿಯಾರ್ತೊ ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಾ ಉಸಿರು ಊದಿದ. ಒಪ್ಪಿದನೆಂದು ಸಭೆ ಚಪ್ಪಾಳೆ ತಟ್ಟಿತು.

ಮಾಡಿಕೊಡಬೇಕಾದದ್ದು ಒಂದು ಸರಪಳಿ. ಸ್ವಾತಂತ್ರ್ಯೋತ್ಸವದ ಮುನ್ನಾದಿನ ಸಾಲಾತಿಗಾ ಊರಿನ ಗಲ್ಲಿಗಳೆಲ್ಲ ತಮ್ಮ ಬಾಯಿಯ ಕಮಾನು ಸಿಂಗರಿಸಿಕೊಂಡು ಅಲಂಕಾರ ಸ್ಪರ್ಧೆಯ ತೀರ್ಪುಗಾರರಿಗಾಗಿ ಕಾಯುತ್ತವೆ. ಬು ಹರ್ತೊಯೊ, ಅಂದರೆ ಹರ್ತೊಯೊ ಅಮ್ಮ, ಗಲ್ಲಿಯ ಮುಖ್ಯಸ್ಥ ಪಾಕ್ ಹರ್ತೊಯೊ ಅವರ ಹೆಂಡತಿ. ಮುಖ್ಯಸ್ಥರಿಗಿಂತ ಒಂದು ಕೈ ಹೆಚ್ಚಿನ ಮುಖ್ಯಸ್ಥೆ. ಈ ಸಲ ಅವರಿಗೊಂದು ಯೋಚನೆ ಹೊಳೆದಿತ್ತು. ಕಮಾನಿನ ಕಂಬದಿಂದ ಕಂಬಕ್ಕೆ ಒಂದು ಕಬ್ಬಿಣದ ಸರಪಳಿ ಬಿಗಿದಿರಬೇಕು. ತೀರ್ಪುಗಾರರ ಕೈಗೆ ಕತ್ತರಿ ಕೊಡಬೇಕು. ಅವರು 'ಕಬ್ಬಿಣ ಕತ್ತರಿಸೋದು ಹೇಗೆ' ಎಂದು ಬೆಪ್ಪಾಗಿ ಕತ್ತರಿ ಇಟ್ಟರೆ ಸರಪಳಿ ಕಚಕ್ಕನೆ ತುಂಡಾಗಬೇಕು. ಅಡಗಿದ್ದ ಗಲ್ಲಿಯವರೆಲ್ಲ ಹೊರಗೆ ಹಾರಿ "ಮೆರ್ದೆಕಾ!" ಎಂದು ಸ್ವಾತಂತ್ರ್ಯದ ಘೋಷಣೆ ಕೂಗಬೇಕು. ದಾಸ್ಯದ ಸರಪಳಿ ಹರಿಯಿತು!

ಅಂದರೆ ಸರಪಳಿ ಬ್ಯಾನರ್ ಬಟ್ಟೆಯದಾಗಿರಬೇಕು, ಕಾಣುವುದಕ್ಕೆ ಮಾತ್ರ ಅಪ್ಪಟ ಕಬ್ಬಿಣ. ಮನೆಯ ಮುಂಗೋಣೆಯಲ್ಲಿ ಬ್ಯಾನರ್ ಅಂಗಡಿ ಇಟ್ಟುಕೊಂಡಿದ್ದ, ಗಲ್ಲಿಗೆಲ್ಲ 'ಮಾಸ್' ಅಂದರೆ ಅಣ್ಣನಾಗಿದ್ದ ಗಿಯಾರ್ತೊನ ಹೊರತು ಇನ್ಯಾರು ಮಾಡಿಯಾರು?

ಪಾಕ್ ಹರ್ತೊಯೊ ಹೊರಡುವಾಗ ಅವನ ಭುಜ ಹಿಡಿದು ಮೆಲ್ಲಗೆ ಅಂದರು. "ಮೊದಲನೇ ಬಹುಮಾನ ಬಂದ್ರೆ ಈ ವರ್ಷ ನಮ್ಮ ಗಲ್ಲಿ ಜಾರುಗಂಬದ ಕೆಳಗೆ ನಿಮ್ಮನ್ನ ನಿಲ್ಸಲ್ಲ ಮಾಸ್. ಮಾತು ಕೊಡ್ತೀನಿ."

ಈ ಮಾತಿಗೆ ಗಿಯಾರ್ತೊನ ಕಣ್ಣು ಒದ್ದೆಯಾಯಿತು. ಅವನ ಕತ್ತು ಗಿಡ್ಡ, ಭುಜ ಅಗಲ. ದೇವರು ಅವನನ್ನು ಮೆಟ್ಟಿಲಾಗಲೆಂದೇ ಮಾಡಿದನೆಂದು ಗಲ್ಲಿಯ ನಂಬಿಕೆ. ಪ್ರತಿವರ್ಷ ಗ್ರೀಸ್ ಬಳಿದ ಕಂಬವನ್ನು ತಬ್ಬಿ ಅವನು ನಿಲ್ಲುತ್ತಿದ್ದ; ಅವನ ಮೇಲೊಬ್ಬ, ಅವನ ಮೇಲಿನ್ನೊಬ್ಬ. ತುದಿಯಲ್ಲಿ ನೇತಾಡುವ ಬಹುಮಾನದ ಬಕೆಟ್ಟು, ಸೈಕಲ್ಲು ಮೇಲಿನವರಿಗೆ. ಗ್ರೀಸು, ಬೆವರು, ಮೇಲಿನವರ ಹಿಮ್ಮಡಿ ಇವನಿಗೆ. ಆಮೇಲೆ ತಿಂಗಳುಗಟ್ಟಲೆ ಹೆಂಡತಿ ರಸ್ತಿ ಅವನ ಹೆಗಲಿಗೆ ಮುಲಾಮು ತಿಕ್ಕುತ್ತಿದ್ದಳು.

ಬೆಳಗಾಗುತ್ತಲೇ ಗಿಯಾರ್ತೊ ಕಂಪ್ಯೂಟರ್ ಮುಂದೆ ಕೂತ. ಉದ್ದನೆಯದೊಂದು ಕೊಂಡಿ ಬರೆದ. ಬೂದುಬಣ್ಣ ತುಂಬಿ, ಅಂಚಿಗೆ ಉಬ್ಬು ಕೊಟ್ಟು, ಮೇಲೊಂದು ಬಿಳಿ ಹೊಳಪು ಎಳೆದ. ನಕಲು ಮಾಡಿ ಸಾಲಾಗಿ ಜೋಡಿಸಿದ. ಪರವಾಗಿಲ್ಲವೇ ಅಂದುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಬು ಸಾರಿಯೆಮ್ ಕಿಟಕಿಯಲ್ಲಿ ತಲೆ ತೂರಿಸಿದಳು. ಕರಿದ ತಿಂಡಿಯ ಗಾಡಿ ಇಟ್ಟವಳು. ಲೋಕವೆಲ್ಲ ಅವಳಿಗೆ ಬಾಣಲೆಯಲ್ಲೇ ಕಾಣುವುದು.

"ಡೋನಟ್ ವ್ಯಾಪಾರ ಯಾವಾಗ ಶುರು ಮಾಡಿದ್ರಿ ಮಾಸ್?"

"ಇದು ಸರಪಳಿ, ಬು."

"ಹೌದಾ? ಸಕ್ಕರೆ ಉದುರಿಸಿದ ಹಾಗಿದೆಯಪ್ಪ."

ಗಿಯಾರ್ತೊ ಹೊಳಪು ತಗ್ಗಿಸಿದ. ಬಣ್ಣ ಕಪ್ಪು ಮಾಡಿದ. ಪಾಕ್ ಹರ್ತೊಯೊ ಬಂದು ಕನ್ನಡಕ ಏರಿಸಿ, "ಟೈರು ಚೆನ್ನಾಗಿ ಬಂದಿದೆ. ಸರಪಳಿ ಯಾವಾಗ ಬರೀತೀರಿ?" ಅಂದರು.

ಅಷ್ಟರಲ್ಲಿ ಬೆಸುಗೆ ಅಂಗಡಿಯ ಮಾಸ್ ಕಾರ್ದಿ ಕೈ ಒರೆಸಿಕೊಳ್ಳುತ್ತಾ ಒಳಗೇ ಬಂದ. ತೆರೆಯನ್ನು ನೋಡಿ ಮಗುವಿನ ಜ್ವರ ನೋಡಿದವನಂತೆ ತಲೆಯಾಡಿಸಿದ.

"ಕೊಂಡಿ ಒಂದರ ಮೇಲೊಂದು ಮಲಗಿವೆ ಮಾಸ್. ಒಂದರೊಳಗೊಂದು ಹೋಗೇ ಇಲ್ಲ. ಎಳೆದ್ರೆ ಎಲ್ಲ ಉದುರೋಗತ್ತೆ."

"ಚಿತ್ರಾನ ಯಾರಪ್ಪ ಎಳೀತಾರೆ?"

"ಕಣ್ಣು ಎಳೆಯತ್ತಲ್ಲ!"

ಕೋಪ ಬಂದರೂ ಮಾತು ನಿಜವಾಗಿತ್ತು. ಗಿಯಾರ್ತೊ ಮತ್ತೆ ಮೊದಲಿಂದ ಕೂತ. ಒಂದು ಕೊಂಡಿ ಅಗಲವಾಗಿ, ಮುಂದಿನದು ಪಕ್ಕಕ್ಕೆ ತಿರುಗಿದಂತೆ ಸಣ್ಣಗೆ. ಹಿಂದೆ ಹಾಯುವ ಕಡೆ ಅಷ್ಟೇ ಭಾಗ ಅಳಿಸಬೇಕು, ಮುಂದೆ ಬರುವ ಕಡೆ ಉಳಿಸಬೇಕು, ತಾಗುವಲ್ಲಿ ಕೂದಲೆಳೆಯಷ್ಟು ನೆರಳು ಬಿಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವಂಥ ಕೆಲಸ. ಬೆನ್ನ ಹಿಂದೆ ಕುರ್ಚಿಗಳು ಬಂದವು. ಬು ಸಾರಿಯೆಮ್ ಗಾಡಿಯನ್ನೇ ಬಾಗಿಲಿಗೆ ತಂದು ನಿಲ್ಲಿಸಿದಳು.

"ಅಲ್ಲಿ ಅಳಿಸಿ."

"ಅಯ್ಯೋ, ಅಲ್ಲಲ್ಲ, ಇಲ್ಲಿ!"

"ನನ್ನ ಮನೆ ಕಡೆ ಬರೋ ಕೊಂಡಿ ಯಾಕೆ ಚಿಕ್ಕದು?"

"ಸ್ವಲ್ಪ ಕೆಂಪು ಬಿಳಿ ಹಾಕಿದ್ರೆ ಬಾವುಟಕ್ಕೆ ಹೊಂದತ್ತೆ" ಎಂದರು ಬು ಹರ್ತೊಯೊ.

"ದಾಸ್ಯದ ಸರಪಳಿಗೆ ಬಾವುಟದ ಬಣ್ಣಾನಾ?" ಎಂದು ಗಂಡ ಅಡ್ಡ ಬಂದರು. ಗಂಡಹೆಂಡಿರ ಜಗಳ ಕಾವೇರಿ, ಯಾರದೋ ಕಾಲು ತಂತಿಗೆ ತಾಗಿ, ಕಂಪ್ಯೂಟರ್ ಟಪ್ಪೆಂದು ಆರಿಹೋಯಿತು. ಉಳಿಸದ ಸರಪಳಿ ಉಳಿಯಲಿಲ್ಲ.

ಗಿಯಾರ್ತೊಗೆ ಎಲ್ಲರನ್ನೂ ಕುರ್ಚಿ ಸಮೇತ ಎತ್ತಿ ಬೀದಿಗೆ ಹಾಕಬೇಕೆನಿಸಿತು. ಬಾಯಿಂದ ಬಂದದ್ದು, "ಇರಲಿ ಬಿಡಿ, ಕೂತ್ಕೊಳ್ಳಿ" ಎಂದು.

ರಸ್ತಿ ಕಾಫಿ ತಂದಿಟ್ಟಳು. ಗಂಡನ ಮುಖ ನೋಡಿದಳು. ಆಮೇಲೆ ಪೊರಕೆ ತಂದು, "ಗುಡಿಸ್ಬೇಕು, ಎಲ್ರೂ ಸ್ವಲ್ಪ ಏಳಿ" ಎಂದು ಬಾಗಿಲಿನವರೆಗೂ ಗುಡಿಸುತ್ತಾ ಹೋಗಿ, ಕೊನೆಯವನ ಹಿಮ್ಮಡಿ ಹೊಸಿಲು ದಾಟಿದೊಡನೆ ಅಗುಳಿ ಹಾಕಿದಳು.

ಮಧ್ಯಾಹ್ನವೆಲ್ಲ ಕೆಲಸ ನಡೆಯಿತು. ಕೊಂಡಿ ಕೊಂಡಿಯನ್ನು ಹಾಯಿತು. ಬೆಸುಗೆಯ ಗಂಟು ಬಂತು, ತುಕ್ಕು ಬಂತು, ಎಣ್ಣೆಯ ಕಲೆ ಬಂತು. ಮುದ್ರಿಸಿ, ಅಂಚಿನುದ್ದಕ್ಕೂ ಕತ್ತರಿಸಿ, ಕಮಾನಿಗೆ ಸೊಂಟದೆತ್ತರಕ್ಕೆ, ನಡುವೆ ಮಂಡಿಯವರೆಗೆ ಜೋಲಾಗಿ ಕಟ್ಟಿದಾಗ ಬು ಸಾರಿಯೆಮ್‌ಳ ಹುಂಜ ಹಾರಿ ಅದರ ಮೇಲೆ ಕೂರಲು ಹೋಗಿ ಸುತ್ತಿಕೊಂಡು ತಲೆಕೆಳಗಾಯಿತು. ಮಾಸ್ ಕಾರ್ದಿ ಗಿಯಾರ್ತೊನ ಕೈ ಕುಲುಕಿದ.

ತೀರ್ಪುಗಾರರ ಹೊತ್ತಾಯಿತು. ಬು ಹರ್ತೊಯೊ ಎಲ್ಲರನ್ನೂ ಗೋಡೆಯ ಹಿಂದೆ ಅಡಗಿಸಿದರು. ಅಳುವ ಕೂಸುಗಳ ಬಾಯಿಗೆ ಬಾಳೆಹಣ್ಣು ತುರುಕಲಾಯಿತು. ಗಲ್ಲಿ ಸ್ಮಶಾನದಂತೆ ಸ್ತಬ್ಧವಾಯಿತು. ಕಾರು ಬಂದು ನಿಂತಿತು. ಚಪ್ಪಲಿಯ ಸದ್ದು. ವಾರ್ಡಿನ ಮುಖ್ಯಸ್ಥರ ಹೆಂಡತಿ, ತೀರ್ಪುಗಾರರಲ್ಲಿ ಹಿರಿಯರಾದ ಬು ಲುರಾಹ್ ಅನ್ನುವುದು ಕೇಳಿಸಿತು:

"ಅಯ್ಯೋ, ಗಲ್ಲೀನೇ ಬಂದ್ ಮಾಡಿದ್ದಾರಲ್ಲ. ಒಂದು ನರಪಿಳ್ಳೆ ಇಲ್ಲ. ಯಾರೋ ತೀರ್‍ಕೊಂಡಿರ್ಬೇಕು, ಪಾಪ. ನಡೀರಿ ಮುಂದಿನ ಗಲ್ಲಿಗೆ."

ಕಾರು ಹೊರಟೇ ಹೋಯಿತು. ಎಲ್ಲರೂ ಇನ್ನೂ ಉಸಿರು ಬಿಗಿಹಿಡಿದೇ ಇದ್ದರು.

"ಹೋದ್ರಲ್ಲಪ್ಪಾ!" ಎಂದು ಬು ಸಾರಿಯೆಮ್ ಎದೆ ಬಡಿದುಕೊಂಡಳು. ಅಷ್ಟೂ ಕಣ್ಣುಗಳು ಗಿಯಾರ್ತೊನ ಕಡೆ ತಿರುಗಿದವು.

"ಇಷ್ಟೊಂದು ನಿಜ ಮಾಡಿ ಅಂತ ಯಾರ್ರೀ ಹೇಳಿದ್ರು?"

"ಡೋನಟ್ಟೇ ಚೆನ್ನಾಗಿತ್ತು!"

"ಟೈರಾದ್ರೂ ಪರವಾಗಿರ್ಲಿಲ್ಲ!" ಎಂದರು ಪಾಕ್ ಹರ್ತೊಯೊ.

ಗಿಯಾರ್ತೊನ ಹೆಗಲ ಮೇಲೆ ಆಗಲೇ ಹಿಮ್ಮಡಿಗಳು ಊರಿದಂತಾಯಿತು. ಅವನು ಓಡಿದ. ಕಮಾನಿನ ಬಳಿ ಬಂದವನು ಸರಪಳಿ ಕಂಡು ಗಕ್ಕನೆ ನಿಂತ; ಲುಂಗಿ ಎತ್ತಿ, ಎಚ್ಚರಿಕೆಯಿಂದ ಒಂದು ಕಾಲು ದಾಟಿಸಿದ; ತಾನೇ ಬರೆದದ್ದೆಂದು ನೆನಪಾಗುವಷ್ಟರಲ್ಲಿ ಇನ್ನೊಂದು ಕಾಲು ಸಿಕ್ಕಿ ಮಕಾಡೆ ಬಿದ್ದ. ಎದ್ದು, ಕುಂಟುತ್ತಾ, ಮುಂದಿನ ಗಲ್ಲಿಯ ಬಾಯಲ್ಲಿ ಕಾರನ್ನು ಹಿಡಿದ.

"ಬು, ಯಾರೂ ಸತ್ತಿಲ್ಲ! ಅದು ಚಿತ್ರ! ಬಟ್ಟೆ! ದಯವಿಟ್ಟು ಒಂದ್ಸಲ ಮುಟ್ಟಿ ನೋಡಿ!"

ಬು ಲುರಾಹ್ ಮೊದಲು ನಂಬಲಿಲ್ಲ. ಮಂಡಿ ತರಚಿ, ಮುಖಕ್ಕೆಲ್ಲ ಮಣ್ಣು ಮೆತ್ತಿಕೊಂಡ ಗಂಡಸು ಅಳುವಂತಿರುವುದನ್ನು ಕಂಡು ಕನಿಕರದಿಂದ ಹಿಂದಿರುಗಿದರು. ಬೆರಳ ತುದಿಯಲ್ಲಿ ಸರಪಳಿಯನ್ನು ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು. ಹೊಟ್ಟೆ ಹಿಡಿದು ನಗತೊಡಗಿದರು. ಕತ್ತರಿ ಆಡಿತು, ಸರಪಳಿ ಬಿತ್ತು, ಬಾಳೆಹಣ್ಣು ಉಗುಳಿ ಕೂಸುಗಳು "ಮೆರ್ದೆಕಾ!" ಎಂದು ಕಿರುಚಿದವು.

"ಬೇರೆ ಯಾವ ಗಲ್ಲೀನೂ ನೋಡೋದು ಬೇಡ" ಎಂದರು ಬು ಲುರಾಹ್, ಕಣ್ಣೊರೆಸಿಕೊಳ್ಳುತ್ತಾ. "ಮೊದಲನೇ ಬಹುಮಾನ ನಿಮ್ದೇ."

ಗಲ್ಲಿ ಕುಣಿಯಿತು. ಆಗ ಬೈದವರೇ ಈಗ ಗಿಯಾರ್ತೊನನ್ನು ತಬ್ಬಿದರು. ಅವನು ಮಾತ್ರ ಕಣ್ಣು ಮುಚ್ಚಿ ಎರಡೂ ಭುಜವನ್ನು ಒಮ್ಮೆ ಮೇಲೆತ್ತಿ ಇಳಿಸಿದ. ಹಗುರ! ರಸ್ತಿ ದೂರದಿಂದಲೇ ನಕ್ಕಳು.

"ಈ ಸಲದ ಬಹುಮಾನ ಏನು ಅಂತ ಗೊತ್ತಾ?" ಬು ಲುರಾಹ್ ದನಿ ಏರಿಸಿದರು. "ನಾಳೆ ದೊಡ್ಡ ಮೈದಾನದಲ್ಲಿ ಇಡೀ ತಾಲ್ಲೂಕಿನ ಜಾರುಗಂಬ. ನಿಮ್ಮ ಗಲ್ಲಿ ಕಂಬದ ಎರಡರಷ್ಟು ಎತ್ತರ! ನಮ್ಮ ವಾರ್ಡಿನ ಪರವಾಗಿ ಹತ್ತೋ ಗೌರವ ಗೆದ್ದ ಗಲ್ಲಿಗೆ!"

ಗಿಯಾರ್ತೊ ಕಣ್ಣು ತೆರೆದ. ಮೆಲ್ಲಗೆ ಮುಖ್ಯಸ್ಥರ ಕಡೆ ತಿರುಗಿದ.

"ಪಾಕ್... ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ ಮಾಸ್, ಉಳಿಸ್ಕೊಳ್ತೀನಿ" ಎಂದು ಪಾಕ್ ಹರ್ತೊಯೊ ಎದೆಯ ಮೇಲೆ ಕೈಯಿಟ್ಟುಕೊಂಡರು. "ನಮ್ಮ ಗಲ್ಲಿ ಕಂಬದ ಕೆಳಗೆ ನಿಮ್ಮನ್ನ ಖಂಡಿತ ನಿಲ್ಸಲ್ಲ. ಇದು ತಾಲ್ಲೂಕಿನ ಕಂಬ."

ಹಿಂದೆ ನಿಂತಿದ್ದ ಮಾಸ್ ಕಾರ್ದಿ ಆಗಲೇ ಚಪ್ಪಲಿ ಬಿಚ್ಚಿ, ಗಿಯಾರ್ತೊನ ಎಡ ಭುಜವನ್ನು ಬೆರಳಿಂದ ಒತ್ತಿ ನೋಡುತ್ತಿದ್ದ.