ಗೋಪುರಕ್ಕೆ ನಾಲ್ಕು ಹೊತ್ತು

ಕೋರ್ಟಿನ ಗೋಪುರದ ಗಡಿಯಾರಕ್ಕೆ ನಾಲ್ಕು ಮುಖ. ನಾಲ್ಕೂ ನಾಲ್ಕು ಹೊತ್ತು ಹೇಳುತ್ತಿದ್ದವು. ಹಾರ್ಲಿನ್ ಕೌಂಟಿಯಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಚೌಕದ ದಕ್ಷಿಣದವರು ದಕ್ಷಿಣದ ಮುಖ ನೋಡಿ ಅಂಗಡಿ ತೆರೆಯುತ್ತಿದ್ದರು, ಉತ್ತರದವರು ಉತ್ತರದ್ದು ನೋಡಿ ಊಟಕ್ಕೆ ಏಳುತ್ತಿದ್ದರು. ತೊಂದರೆ ಬಂದದ್ದು ಆ ಸೋಮವಾರ, ಗಡಿಯಾರಕ್ಕೆ ಕೀ ಕೊಡುವ ಓರಿನ್ ಟೀಸ್‌ಡೇಲ್‌ನ ಕೊರಳಿಗೆ.

ಕೆಂಪು ಕಲ್ಲಿನ ಆ ಹಳೆಯ ಕಟ್ಟಡವನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ಕೌಂಟಿ ಮಂಡಳಿ ಹಟ ಹಿಡಿದಿತ್ತು. ಅವತ್ತು ಹತ್ತು ಗಂಟೆಗೆ ಪಾರಂಪರಿಕ ಕಟ್ಟಡಗಳ ಅಧಿಕಾರಿ ಪ್ರೂಯಿಟ್ ಮೇಡಂ ಬಂದು ನೋಡಿ, ಉಳಿಸತಕ್ಕದ್ದೆಂದು ಒಪ್ಪಿದರೆ ಉಳಿಯಿತು, ಇಲ್ಲವಾದರೆ ಮಣ್ಣುಪಾಲು. ಕೀ ಕೊಡುವುದು ಓರಿನ್‌ಗೆ ಅಪ್ಪನಿಂದ ಬಂದ ಕೆಲಸ. ನಲವತ್ತೊಂದು ವರ್ಷ ಪ್ರತಿ ಸೋಮವಾರ ಗೋಪುರದ ತೊಂಬತ್ತೆಂಟು ಮೆಟ್ಟಿಲು ಹತ್ತಿದವನು. ಕೆಳಗೆ ಕೋರ್ಟಿನ ಓಕ್ ಮರದ ಕಟಕಟೆಗೆ ಹಚ್ಚಿದ ಮೇಣದ ವಾಸನೆ ಅವನಿಗೆ ಇವತ್ತಿಗೂ ಅಪ್ಪನದೇ ವಾಸನೆ. ಇನ್ನು ಹತ್ತಲು ಮೆಟ್ಟಿಲೇ ಇರದ ಸೋಮವಾರವನ್ನು ಅವನಿಗೆ ಊಹಿಸಲೂ ಆಗುತ್ತಿರಲಿಲ್ಲ.

"ನಾಲ್ಕೂ ಒಂದೇ ಹೊತ್ತು ತೋರಿಸ್ಲಿ ಕಣೋ, ಇಲ್ದಿದ್ರೆ ಆಯಮ್ಮ ನಗ್ತಾರೆ," ಎಂದ ದಕ್ಷಿಣದ ಕ್ಷೌರಿಕ ಡೆಲ್ಮರ್. "ಆದ್ರೆ ನಮ್ಮ ಕಡೆ ಹೊತ್ತೇ ಇಡು. ಅದೇ ಸರಿ."

"ನಿಮ್ಮ ಕಡೇದು ಹನ್ನೊಂದು ನಿಮಿಷ ಹಿಂದೆ," ಎಂದಳು ಉತ್ತರದ ಬೇಕರಿಯ ವೆಸ್ಟಾ. "ಓರಿನ್, ನನ್ನ ಪೈ ಸೀದ್ರೆ ನೀನೇ ತಿನ್ಬೇಕು, ನೋಡು."

ಇಬ್ಬರೂ ಜಗಳವಾಡುತ್ತಲೇ ಅವನ ಹಿಂದೆ ಗೋಪುರ ಹತ್ತಿದರು. ಓರಿನ್ ಹಲ್ಲುಚಕ್ರ ಸಡಿಲಿಸಿದ್ದೇ ತಡ, ಡೆಲ್ಮರ್ ಮುಳ್ಳು ತಿರುಗಿಸುವ ಅಚ್ಚನ್ನು ಹಿಂದಕ್ಕೆ ತಿರುವಿದ, ವೆಸ್ಟಾ ಮುಂದಕ್ಕೆ ತಿರುವಿದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಒಳಗೇನೋ ಕಟಕ್ಕನೆ ಮುರಿಯಿತು. ಎಂಟೂ ಮುಳ್ಳುಗಳು ಕೆಳಗೆ ಜೋತುಬಿದ್ದವು.

ಹತ್ತಕ್ಕೆ ಐದೇ ನಿಮಿಷವಿತ್ತು. ಓರಿನ್ ಬೇಲಿ ತಂತಿ ಸುತ್ತಿ, ನಾಲ್ಕೂ ಮುಖದ ಮುಳ್ಳುಗಳನ್ನು ಸರಿಯಾಗಿ ಹತ್ತು ಗಂಟೆಗೆ ಬಿಗಿದು, ಏದುಸಿರು ಬಿಡುತ್ತಾ ಇಳಿದ.

ಪ್ರೂಯಿಟ್ ಮೇಡಂ ಕಮಾನು, ಕಂಬ, ಗುಮ್ಮಟದ ಬಣ್ಣದ ಗಾಜು ಎಲ್ಲವನ್ನೂ ನೋಡಿದರು. ಕೊನೆಗೆ ಗೋಪುರದ ನಾಲ್ಕೂ ಕಡೆ ಸುತ್ತಿ ಫೋಟೋ ತೆಗೆದರು.

"ನಮ್ಮಜ್ಜಿ ಮದುವೆ ಆಗಿದ್ದು ಇಂಥದೇ ಕೋರ್ಟಲ್ಲಿ," ಎಂದರು. "ಇದನ್ನ ಯಾರೂ ಕೆಡವೋ ಹಾಗಿಲ್ಲ."

ಚೌಕದ ತುಂಬ ಚಪ್ಪಾಳೆ. ಓರಿನ್ ಕಣ್ಣೊರೆಸಿಕೊಂಡ. ಸಂಜೆಯೇ ತಂತಿ ಬಿಚ್ಚಿ ಚಕ್ರ ಸರಿಮಾಡಬೇಕು ಎಂದುಕೊಳ್ಳುತ್ತಿದ್ದಾಗ, ಮೇಡಂ ಗೋಪುರದ ಬಾಗಿಲಿಗೆ ಬೀಗಮುದ್ರೆ ಹಾಕಿದರು.

"ಇವತ್ತು ಹೇಗಿದೆಯೋ ಹಾಗೇ ಇರ್ಬೇಕು. ಒಂದು ಮೊಳೆ ಮುಟ್ಬೇಕಾದ್ರೂ ನಮ್ಮ ಅನುಮತಿ ಬೇಕು."

"ಬೇಗ ಸಿಗತ್ತಾ, ಮೇಡಂ?" ಎಂದ ಓರಿನ್.

"ಪಕ್ಕದ ಕೌಂಟಿಯವರಿಗೆ ಹದಿಮೂರೇ ವರ್ಷಕ್ಕೆ ಸಿಕ್ತು."

ಓರಿನ್‌ಗೆ ಆಗಲೇ ಎಪ್ಪತ್ತೆರಡು. ಡೆಲ್ಮರ್ ಅವನ ಹೆಗಲ ಮೇಲೆ ಕೈಯಿಟ್ಟ.

"ಹೋಗ್ಲಿ ಬಿಡು. ನಾಲ್ಕೂ ಕಡೆ ಒಂದೇ ಹೊತ್ತಾಯ್ತಲ್ಲ."

"ಹೂಂ," ಎಂದ ಓರಿನ್, ಮುಚ್ಚಿದ ಬಾಗಿಲನ್ನೇ ನೋಡುತ್ತಾ. "ಮುಂದಿನ ಸೋಮವಾರಕ್ಕೂ ಅದೇ ಹೊತ್ತು."